ಜೇಬಿನಲ್ಲಿ ಎರಡು ಬಿಲ್ಲೆ

ಕಾಲರಿನ ಹಿಂದೆ ಲಾಂಡ್ರಿಯವರ ಹಳದಿ ಚೀಟಿ ಹಾಗೇ ಉಳಿದುಬಿಟ್ಟಿದೆ, ಮುನ್ನೂರ ಹದಿನೇಳು, ಪಿನ್ನು ಸಮೇತ — ಸಾಲಿನಲ್ಲಿ ಮುಂದೆ ನಿಂತವನಿಗೆ ಹೇಳೋಣವೇ, ಬೇಡ, ಮೊದಲ ಸಲ ಗೆದ್ದು ಬಂದವನು, ಹೇಳಿದರೆ ಕಿವಿ ಕೆಂಪಾಗಿಸಿಕೊಂಡು ಇಡೀ ಸದನಕ್ಕೆ ಕೇಳುವಂತೆ ಕ್ಷಮೆ ಕೇಳುತ್ತಾನೆ, ಈಗ ಯಾರೂ ಇತ್ತ ತಿರುಗಿ ನೋಡುವುದು ಬೇಡ, ತೆರುಹಿಕೊ ಬಲಗೈಯನ್ನು ಕೋಟಿನ ಜೇಬಿನೊಳಗೆ ಇನ್ನಷ್ಟು ತಳ್ಳಿದ, ಒಳಗೆ ಎರಡು ಮರದ ಬಿಲ್ಲೆಗಳು ಒಂದಕ್ಕೊಂದು ತಾಗಿ ಟಕ್ ಎಂದವು. ಒಂದು ಬಿಳಿ, ಒಂದು ನೀಲಿ. ಬಿಳಿ ಕೊಟ್ಟರೆ ಮಸೂದೆಗೆ ಒಪ್ಪಿಗೆ, ನೀಲಿ ಕೊಟ್ಟರೆ ವಿರೋಧ, ಎರಡರ ಮೇಲೂ ಕಪ್ಪು ಮಸಿಯಲ್ಲಿ ಒಂದೇ ಹೆಸರು, ಉಮೆಗಾಕಿ ತೆರುಹಿಕೊ. ಬೇರೆಯವರೆಲ್ಲ ಮೇಜಿನ ಗೂಡಿನಿಂದ ಬೇಕಾದ ಒಂದನ್ನು ತೆಗೆದುಕೊಂಡು ಎದ್ದರು, ಇವನೊಬ್ಬ ಮಾತ್ರ, ಅರವತ್ತಮೂರು ವರ್ಷದ ಗಂಡಸು, ಆರು ಸಲ ಗೆದ್ದವನು, ನಡುವೆ ಒಂದು ಸಲ ಮಣ್ಣು ಮುಕ್ಕಿ ಮತ್ತೆ ಎದ್ದವನು, ಯಾವುದು ಬೇಕೆಂದು ತಿಳಿಯದೆ ಎರಡನ್ನೂ ಹೊತ್ತುಕೊಂಡು ಬಂದಿದ್ದಾನೆ, ಬೆರಳಿನಿಂದ ಸವರಿ ನೋಡಿದರೆ ಬಣ್ಣ ಗೊತ್ತಾಗುವುದಿಲ್ಲ, ಎರಡೂ ಅಷ್ಟೇ ನುಣುಪು, ಅಷ್ಟೇ ತಣ್ಣಗೆ. ಸಭಾಧ್ಯಕ್ಷರ ಪೀಠದ ಕೆಳಗೆ ಗುಮಾಸ್ತ ಹೆಸರು ಕೂಗುತ್ತಿದ್ದಾನೆ, ಒಂದೊಂದು ಕೂಗಿಗೂ ಒಬ್ಬೊಬ್ಬರು ಮೆಟ್ಟಿಲು ಹತ್ತಿ ಬಿಲ್ಲೆ ಕೊಟ್ಟು ಆ ಕಡೆಯಿಂದ ಇಳಿಯುತ್ತಾರೆ, ಸಾಲು ಒಂದು ಹೆಜ್ಜೆ ಹೋಗುತ್ತದೆ, ನಿಲ್ಲುತ್ತದೆ, ಎಡಗಾಲಿನ ಬೂಟು ಕಿರುಬೆರಳನ್ನು ಕಚ್ಚುತ್ತದೆ, ಹೊಸ ಬೂಟು, ಇವತ್ತೇ ಏಕೆ ಹಾಕಿಕೊಂಡನೋ, ಇನ್ನು ಇಪ್ಪತ್ತು ಜನ ಇದ್ದಾರೆ, ಇಪ್ಪತ್ತೆರಡೂ ಇರಬಹುದು.

ಮಸೂದೆ ದೊಡ್ಡದೇನಲ್ಲ, ಓದಿದರೆ ನಾಲ್ಕು ಪುಟ — ಮದುವೆಯಾದ ಗಂಡ ಹೆಂಡತಿ ಬೇಕೆಂದರೆ ತಂತಮ್ಮ ಮನೆತನದ ಹೆಸರನ್ನು ತಾವೇ ಇಟ್ಟುಕೊಳ್ಳಬಹುದು, ಬೇಡವೆಂದರೆ ಈಗಿನ ಹಾಗೆ ಇಬ್ಬರಿಗೂ ಒಂದೇ ಹೆಸರು, ಅಷ್ಟೇ, ಇಷ್ಟಕ್ಕೆ ಎಷ್ಟು ವರ್ಷಗಳ ಕಚ್ಚಾಟ, ಸಂಸಾರ ಒಡೆಯುತ್ತದೆ, ದೇಶ ಒಡೆಯುತ್ತದೆ, ಹಿರಿಯರ ಸಮಾಧಿಗೆ ನೀರು ಹಾಕುವವರು ಯಾರು, ಅಂತೆಲ್ಲ ಮೇಜು ಗುದ್ದಿ ಮಾತಾಡಿದವರಲ್ಲಿ ಇವನೂ ಒಬ್ಬ, ಎರಡು ಸಲ, ಒಮ್ಮೆ ಟೀವಿಯಲ್ಲಿ. ತಂದದ್ದು ಎದುರು ಪಕ್ಷದವರು, ಆದ್ದರಿಂದ ನಮ್ಮ ಪಕ್ಷದ ಅಪ್ಪಣೆ ನೀಲಿ. ತೊಗಾಶಿ ಅಲ್ಲೇ ನಿಂತಿದ್ದಾನೆ, ಸಾಲಿನ ಪಕ್ಕದಲ್ಲಿ, ಕೈಕಟ್ಟಿ, ಪಕ್ಷದ ಮಂದೆ ಕಾಯುವುದೇ ಅವನ ಕೆಲಸ, ಇವನಿಗಿಂತ ಹತ್ತು ವರ್ಷ ಚಿಕ್ಕವನು, ಬೆಳಿಗ್ಗೆ ಸಭೆಯಲ್ಲಿ, ಸದಸ್ಯರನ್ನು ಗುರುಗಳೇ ಅನ್ನುವ ಮರ್ಯಾದೆಯಲ್ಲೇ, ನಗುನಗುತ್ತಾ ಹೇಳಿದ, ನೋಡಿ ಸೆನ್ಸೇಗಳೇ, ಇವತ್ತು ಯಾರಿಗಾದ್ರೂ ಆತ್ಮಸಾಕ್ಷಿ ಕಚ್ಚಿದ್ರೆ ಆಸ್ಪತ್ರೆಗೆ ಹೋಗಿ ಮಲಗಿಬಿಡಿ, ರಜೆಗೆ ನಾನೇ ಸಹಿ ಹಾಕ್ತೀನಿ, ಸದನಕ್ಕೆ ಮಾತ್ರ ಬರಬೇಡಿ, ಬಂದ್ಮೇಲೆ ನೀಲಿ, ತಪ್ಪಿದ್ರೆ ಬರೋ ಚುನಾವಣೆಗೆ ಟಿಕೆಟ್ ಬೇರೆ ಕಡೆ ಹುಡುಕ್ಕೊಳ್ಳಿ. ಎಲ್ಲರೂ ನಕ್ಕರು, ಇವನೂ ನಕ್ಕ, ನಗುವುದು ಅಭ್ಯಾಸವಾಗಿದೆ, ಮುಖ ತಾನೇ ನಗುತ್ತದೆ, ಒಳಗಿನವನನ್ನು ಕೇಳುವುದೂ ಇಲ್ಲ.

ಅದೇ, ಕೇಳುವುದೇ ಇಲ್ಲ — ಬಾಯಿ, ಬೆನ್ನು, ಮೊಣಕಾಲು ಎಲ್ಲ ಮೂವತ್ತೆಂಟು ವರ್ಷದಿಂದ ತರಬೇತಾದವು, ತರಬೇತು ಕೊಟ್ಟವರು ಮಾವ ಉಮೆಗಾಕಿ ಕಾಂಜಿ, ಆಗಿನ್ನೂ ಮಾವ ಆಗಿರಲಿಲ್ಲ, ಕಾಮಿನೆ ಕ್ಷೇತ್ರದ ಸೆನ್ಸೇ, ಒಂಬತ್ತು ಸಲದ ಸದಸ್ಯ, ಆನೆಯಂಥ ಕತ್ತು, ಇವನು ಅವರ ಕಾರು ಓಡಿಸುವ ಇಪ್ಪತ್ತೈದರ ಕಾರ್ಯದರ್ಶಿ. ಸಾವಿನ ಮನೆಗೆ ಹೋದಾಗ ಹೊಸ್ತಿಲ ಬಳಿ ಅರವತ್ತು ಜೊತೆ ಕಪ್ಪು ಬೂಟು, ಎಲ್ಲ ಒಂದೇ ತರಹ, ಸೆನ್ಸೇ ಹೊರಗೆ ಬರುವ ಹೊತ್ತಿಗೆ ಅವರ ಬೂಟು ಬಾಗಿಲ ಕಡೆ ಮುಖ ಮಾಡಿ ಕಾದಿರಬೇಕು, ಒಮ್ಮೆ ಊರಿನ ಮೇಯರ್ ಬೂಟನ್ನು ಇಟ್ಟುಬಿಟ್ಟಿದ್ದ, ಕಾರಿನಲ್ಲಿ ಬೈಗುಳ, ಲೋ ಸೊಮೆಯಾ, ಮುಖ ನೆನಪಿಟ್ಕೊಳ್ಳೋದು ಆಮೇಲೆ, ಮೊದಲು ಹಿಮ್ಮಡಿ ನೆನಪಿಟ್ಕೋ, ನಂದು ಎಡಗಡೆ ಸವೆದಿರುತ್ತೆ. ದಿನಕ್ಕೆ ಮೂರು ಸಾವು, ಚಳಿಗಾಲದಲ್ಲಿ ಐದೂ ಆಗುತ್ತಿತ್ತು, ಮದುವೇಲಿ ಬಂದೋನ್ನ ಮರೀತಾರೆ ಕಣೋ, ಸಾವಿಗೆ ಬಂದೋನ್ನ ಮನೆಮಂದಿಯೆಲ್ಲ ಲೆಕ್ಕ ಇಟ್ಕೊಂಡಿರ್ತಾರೆ, ಒಳಗೆ ಹೋಗು, ಚಾಪೆ ಮೇಲೆ ಮಂಡಿ ಊರು, ಎರಡು ಕೈ ಮುಂದೆ ಇಡು, ಹಣೆ ತಾಗೋ ಹಾಗೆ ಬಾಗು, ದನಿ ಇಳಿಸು, ನಿಮ್ಮ ಮನೆಯವರಿಗೆ ಬಂದ ಈ ದುಃಖಕ್ಕೆ ಏನು ಹೇಳಬೇಕೋ ತೋಚುತ್ತಿಲ್ಲ ಅನ್ನು, ಅಷ್ಟೇ, ಮುಂದಿನ ಮಾತು ಬೇಡ, ಮುಂದೆ ಮಾತಾಡಿದೋನು ಸುಳ್ಳ. ಕಾರಿನಲ್ಲಿ ಕನ್ನಡಿ ನೋಡಿಕೊಂಡು ಅಭ್ಯಾಸ ಮಾಡಿದ, ಸಿಗ್ನಲ್ಲಿನಲ್ಲಿ ನಿಂತಾಗಲೂ, ಏನು ಹೇಳಬೇಕೋ ತೋಚುತ್ತಿಲ್ಲ, ತೋಚುತ್ತಿಲ್ಲ, ಕೊನೆಗೆ ಎಷ್ಟು ಚೆನ್ನಾಗಿ ಬಂತೆಂದರೆ ಕೇಳಿದವರ ಕಣ್ಣು ತುಂಬುತ್ತಿತ್ತು, ಅವರ ಕಣ್ಣು ತುಂಬಿದ್ದು ನೋಡಿ ಇವನ ಕಣ್ಣೂ ತುಂಬುತ್ತಿತ್ತು, ಸುಳ್ಳಲ್ಲ ಅದು, ಸುಳ್ಳು ಅನ್ನುವುದಕ್ಕೂ ಆಗುವುದಿಲ್ಲ.

ಸಾಲು ಮುಂದೆ ಹೋಯಿತು. ಸೊಮೆಯಾ — ಆ ಹೆಸರು ಹಿಡಿದು ಕರೆದವರು ಈಗ ಯಾರಿದ್ದಾರೆ, ಕಾಮಿನೆಯ ಹಳೇ ಪೇಟೆಯಲ್ಲಿ ಬೋರ್ಡು ಇನ್ನೂ ಇದೆ, ಸೊಮೆಯಾ ತತಾಮಿ ಅಂಗಡಿ, ಅಪ್ಪ ಜೊಂಡು ಹುಲ್ಲಿನ ಚಾಪೆ ಕಟ್ಟುತ್ತಿದ್ದ, ಅಮ್ಮ ಅಂಚಿಗೆ ಬಟ್ಟೆ ಹೊಲಿಯುತ್ತಿದ್ದಳು, ಅಣ್ಣ ಕತ್ಸುಜಿ ಹದಿನಾರಕ್ಕೇ ಸೂಜಿ ಹಿಡಿದ, ಗೇಣುದ್ದದ ಸೂಜಿ, ಹೊಲಿಗೆ ಬಿಗಿಯಾಗಲೆಂದು ಮೊಣಕೈಯಿಂದ ಒತ್ತಿ ಒತ್ತಿ ಅಲ್ಲಿ ಚರ್ಮ ಗಟ್ಟಿಯಾಗಿ ಹೋಗಿದೆ, ಮುಟ್ಟಿದರೆ ಒಣಗಿದ ಕೊಬ್ಬರಿ ಹಾಗೆ. ಮನೆಯಿಡೀ ಹಸಿ ಹುಲ್ಲಿನ ವಾಸನೆ, ತಲೆಯಲ್ಲಿ ಹುಲ್ಲು, ಸೂಪಿನಲ್ಲಿ ಹುಲ್ಲು, ಶಾಲೆಗೆ ಹೋದರೆ ಕತ್ತೆ ಬಂತು ಮೇವು ಹೊತ್ಕೊಂಡು ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಎರಡನೇ ಮಗ, ಅಂಗಡಿ ಅಣ್ಣನಿಗೆ, ಇವನಿಗೆ ಓದು. ಮೂವತ್ತೊಂದಕ್ಕೆ ಕಾಂಜಿ ಸೆನ್ಸೇ ಕಾರಿನ ಹಿಂದಿನ ಸೀಟಿನಿಂದ ಕೇಳಿದರು, ಲೋ ಸೊಮೆಯಾ, ನಮ್ಮ ಸಾಯೋಕೊನ ನೋಡಿದೀಯಲ್ಲ, ನಮ್ಮನೆಗೆ ಬಂದ್ಬಿಡು — ಒಬ್ಬಳೇ ಮಗಳು, ಗಂಡು ದಿಕ್ಕಿಲ್ಲ, ಮನೆ ಅಳಿಯನಾಗಿ ಬಂದು ಹೆಸರು ಹೊತ್ತುಕೊಂಡರೆ ಕ್ಷೇತ್ರವೂ ಹಿಂದೆಯೇ ಬರುತ್ತದೆ, ಮತ ಹಾಕುವವರು ಚೀಟಿಯಲ್ಲಿ ಹೆಸರು ಬರೆಯಬೇಕಲ್ಲ, ಮೂವತ್ತು ವರ್ಷ ಉಮೆಗಾಕಿ ಬರೆದ ಕೈ ಇನ್ನೊಂದು ಹೆಸರು ಬರೆಯುತ್ತದೆಯೇ. ಅಪ್ಪ ಹೇಳಿದ್ದು, ಎರಡ್ನೇವನು ತಾನೆ, ಹೋಗಲಿ. ಅಮ್ಮ ಹೊಲಿಯುತ್ತಿದ್ದ ಅಂಚಿನಿಂದ ಕಣ್ಣೆತ್ತದೆ, ಊಟಕ್ಕಾದ್ರೂ ಬರ್ತಿರು, ಹೆಸರು ಹೊಸದಾದ್ರೂ ಬಾಯಿ ಹಳೇದೇ ತಾನೆ, ಎಂದಳು.

ಹೆಸರು ಬದಲಾಯಿಸುವುದು ಎಷ್ಟು ಸುಲಭ, ಒಂದು ಕಚೇರಿ, ಒಂದು ಕಾಗದ, ಹೊರಗೆ ಬರುವಾಗ ಬೇರೆಯವನು. ಮೊನ್ನೆ, ಮಸೂದೆ ಬರುತ್ತದೆ ಎಂದು ಗೊತ್ತಾದ ದಿನ, ಸಾಯೋಕೊ ಇಸ್ತ್ರಿ ಮಾಡುತ್ತಾ ಕೇಳಿದಳು, ಹೆಂಗಿತ್ತುರೀ ಆವಾಗ, ಏನು ಎಂದ, ನೀವು ಹೆಸರು ಬಿಟ್ಟಿದ್ದು, ನಂಗೆ ಆ ಅನುಭವನೇ ಇಲ್ಲ ನೋಡಿ, ನಿಮ್ಮನ್ನೇ ಕೇಳ್ಬೇಕು — ಮೂವತ್ತೆರಡು ವರ್ಷವಾದ ಮೇಲೆ ಕೇಳಿದಳು, ಅವಳಲ್ಲದೆ ಬೇರೆ ಯಾರೂ ಕೇಳಿಯೂ ಇರಲಿಲ್ಲ, ಏನಿಲ್ಲ, ಸಹಿಗೆ ಒತ್ತೋ ಮುದ್ರೆ ಹೊಸದು ಮಾಡಿಸ್ಬೇಕಾಯ್ತು ಅಷ್ಟೆ, ಎಂದ, ಅವಳು ಇಸ್ತ್ರಿ ಪೆಟ್ಟಿಗೆ ಅಲ್ಲೇ ನಿಲ್ಲಿಸಿ ಇವನ ಮುಖವನ್ನೇ ನೋಡಿದಳು, ಅಂಗಿಯ ತೋಳು ಸುಡುತ್ತೇನೋ ಅನ್ನುವಷ್ಟು ಹೊತ್ತು. ಮೊದಲ ಚುನಾವಣೆ, ಬಿಳಿ ಕೈಗವಸು, ಮೈಕು ಕಟ್ಟಿದ ವ್ಯಾನು, ಹಿಮದಲ್ಲಿ ತಲೆ ಹೊರಗೆ ಹಾಕಿ ಕೂಗಬೇಕು, ಉಮೆಗಾಕಿ, ಉಮೆಗಾಕಿ ತೆರುಹಿಕೊ, ನಿಮ್ಮ ಉಮೆಗಾಕಿ, ದಿನಕ್ಕೆ ಸಾವಿರ ಸಲ, ಮೊದಲ ಎರಡು ದಿನ ಯಾರೋ ಕಳೆದುಹೋದವರನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದೇನೆ ಅನ್ನಿಸುತ್ತಿತ್ತು, ಮೂರನೆಯ ದಿನ ಹೋಯಿತು ಅದು, ಹಳೇ ಪೇಟೆ ದಾಟುವಾಗ ಅಂಗಡಿಯ ಮುಂದೆ ಅಮ್ಮ ನಿಂತಿದ್ದಳು, ಏಪ್ರನ್ನಿಗೆ ಕೈ ಒರೆಸಿಕೊಂಡು ಎಲ್ಲರ ಹಾಗೆ ಕೈ ಬೀಸಿ ಎಲ್ಲರ ಹಾಗೆ ಕೂಗಿದಳು, ಉಮೆಗಾಕಿ-ಸಾನ್, ಗೆದ್ದು ಬನ್ನಿ. ಹೆತ್ತ ತಾಯಿ. ಅವಳದು ತಮಾಷೆಯೋ ನಿಜವೋ ಕೇಳೋಣವೆಂದರೆ ವ್ಯಾನು ಮುಂದೆ ಹೋಗಿತ್ತು, ಆಮೇಲೆ ಕೇಳಲು ಪುರುಸೊತ್ತಾಗಲಿಲ್ಲ.

ಎಲ್ಲಿ ಪುರುಸೊತ್ತು. ಗೆದ್ದ, ಗೆದ್ದ, ಸೋತ — ಸೋತ ಮರುದಿನವೇ ಕೋಟಿನಿಂದ ಸಂಸತ್ ಸದಸ್ಯರ ಬ್ಯಾಡ್ಜು ತೆಗೆದಾಗ ಅಲ್ಲೊಂದು ತೂತು, ಎರಡು ವರ್ಷ ಆ ತೂತನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಮಾತಾಡುವ ಚಟ ಹತ್ತಿತ್ತು — ಮತ್ತೆ ಗೆದ್ದ, ಕೃಷಿ ಖಾತೆಯಲ್ಲಿ ಕಿರಿಯ ಮಂತ್ರಿಯೂ ಆದ, ಒಂದು ವರ್ಷ, ಹಂದಿಜ್ವರದ ವರ್ಷ, ದೊಡ್ಡ ಮಂತ್ರಿ ಮಾತ್ರ ಆಗಲಿಲ್ಲ. ಎರಡು ಸಲ, ಮಂತ್ರಿಗಳು ಪದವಿ ಸ್ವೀಕರಿಸುವಾಗ ಹಾಕುವ ಬಾಲದ ಕೋಟು ಹಾಕಿಕೊಂಡು ಫೋನಿನ ಮುಂದೆ ಕೂತಿದ್ದ, ಪ್ರಧಾನಿ ಕಚೇರಿಯಿಂದ ಕರೆ ಬರಬೇಕು, ಕರೆ ಬಂದವರು ಓಡಬೇಕು, ಬಾರದವರು ಕೋಟು ಬಿಚ್ಚಿ ಸುಮ್ಮನೆ ಊಟಕ್ಕೆ ಕೂರಬೇಕು, ಎರಡನೇ ಸಲ ಫೋನು ಹೊಡೆದುಕೊಂಡಿತು, ಎದ್ದು ನಿಂತೇ ಎತ್ತಿದ, ಆ ಕಡೆ ಅಣ್ಣ, ತೆರು, ಟೀವಿ ನೋಡ್ತಾ ಇದೀವಿ, ಎಲ್ಲರ ಹೆಸರೂ ಬರ್ತಾ ಇದೆ, ನಿಂದು ಯಾವಾಗಂತೆ, ಅಮ್ಮ ಕೇಳ್ತಿದಾಳೆ. ಫೋನಿಡು ಅಣ್ಣ, ಲೈನು ಖಾಲಿ ಇರ್ಬೇಕು, ಫೋನಿಡು. ಇಟ್ಟ. ಆ ಲೈನು ಆ ಮಧ್ಯಾಹ್ನವೆಲ್ಲ ಖಾಲಿಯೇ ಇತ್ತು, ಹಾಳಾದ್ದು.

ಆಯಿತಲ್ಲ, ಮುಂದಿನವನ ಚೀಟಿ ಒಂದು ಹೆಜ್ಜೆ ಹೋಯಿತು, ಹದಿನೈದು ಜನ. ತೊಗಾಶಿಯ ಕಣ್ಣು ಒಬ್ಬೊಬ್ಬರ ಕೈ ಮೇಲೆ, ಕೈಯಲ್ಲಿ ಹಿಡಿದ ಬಣ್ಣದ ಮೇಲೆ, ಇವನ ಕೈ ಜೇಬಿನಲ್ಲಿರುವುದನ್ನು ನೋಡಿದನೇ, ನೋಡಿರಬೇಕು, ಚೆನ್ನಾಗಿದೀರಾ ಉಮೆಗಾಕಿ ಸೆನ್ಸೇ, ಚಳಿನಾ, ಅಂತ ದೂರದಿಂದಲೇ ಹುಬ್ಬು ಕುಣಿಸಿದಂತೆ ಕಂಡಿತು, ಮೇಲೆ ಗ್ಯಾಲರಿಯ ಕಡೆ ಮಾತ್ರ ನೋಡಬಾರದು, ನೋಡಿದರೆ ಚಿಗುಸ ಕಾಣುತ್ತಾಳೆ. ಮಗಳು. ನಿನ್ನೆ ಫೋನು ಮಾಡಿದ್ದಳು, ಅಪ್ಪ, ನಾನೂ ಅರಿಗಾನೂ ಬರ್ತೀವಿ, ಮೇಲೆ ಕೂತ್ಕೋತೀವಿ, ಏನೂ ಹೇಳೋಕಲ್ಲ, ನೀವು ಯಾವುದನ್ನ ಕೊಡ್ತೀರೋ ಅದನ್ನ ಕಣ್ಣಾರೆ ನೋಡ್ಬೇಕು ಅಷ್ಟೆ, ಪೇಪರಲ್ಲಿ ಓದೋಕೆ ಇಷ್ಟ ಇಲ್ಲ. ಮೂವತ್ತು ವರ್ಷದ ದನದ ಡಾಕ್ಟರು, ಕಾಮಿನೆಯ ಸುತ್ತ ಯಾವ ಕೊಟ್ಟಿಗೆಗೆ ಹೋದರೂ ಉಮೆಗಾಕಿ ಡಾಕ್ಟರು ಬಂದ್ರು ಅನ್ನುತ್ತಾರೆ, ತಂದೆಯ ಹೆಸರಿಗಲ್ಲ, ಅವಳ ತೋಳಿಗೆ, ಹಸುವಿನ ಹೊಟ್ಟೆಯೊಳಗೆ ಭುಜದವರೆಗೂ ಹೋಗುವ ತೋಳು. ಅರಿಗಾ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಾನೆ, ಒಳ್ಳೆಯವನು, ಮೌನಿ, ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದಾರೆ, ಮದುವೆಯೆಂದು ಕಚೇರಿಯಲ್ಲಿ ಬರೆಸಿಲ್ಲ, ಬರೆಸಿದರೆ ಯಾರಾದರೊಬ್ಬರ ಹೆಸರು ಹೋಗಬೇಕು, ಅವನ ಹೆಸರು ಅವನ ಹತ್ರ ಇರಲಿ, ನಂದು ನನ್ನ ಹತ್ರ ಇರಲಿ, ಒಂದೇ ಪಾತ್ರೆ ಅನ್ನ ತಿನ್ನೋಕೆ ಎರಡು ಹೆಸರು ಅಡ್ಡ ಬರುತ್ತಾ ಅಪ್ಪ. ಕಳೆದ ಮಳೆಗಾಲದಲ್ಲಿ ಅರಿಗಾನ ಕರುಳು ಸಿಕ್ಕಿಕೊಂಡು ಆಪರೇಷನ್ ಆಗಬೇಕಾಯಿತು, ಕಾಗದಕ್ಕೆ ಸಹಿ ಬೇಕು, ನೀವು ಅವರಿಗೆ ಏನಾಗಬೇಕು ಎಂದರಂತೆ ಆಸ್ಪತ್ರೆಯವರು, ಕಾಗದದ ಪ್ರಕಾರ ಇವಳು ಏನೂ ಆಗಬೇಕಾಗಿಲ್ಲವಲ್ಲ, ಅವನ ಅಕ್ಕ ನಾಲ್ಕು ಗಂಟೆ ರೈಲಿನಲ್ಲಿ ಪ್ರಯಾಣಿಸಿ ಬರುವವರೆಗೆ ಇವಳು ಕಾರಿಡಾರಿನಲ್ಲಿ ಕೂತಿದ್ದಳು, ಹಸುವಿನ ಕರುಳನ್ನು ಕಣ್ಣುಮುಚ್ಚಿ ಬಿಡಿಸುವವಳು.

ಆ ವಾರ ಊಟಕ್ಕೆ ಬಂದಾಗ ಇವನು ಹೇಳಿದ್ದೇನು, ತೆಪ್ಪಗಿರಬಾರದಿತ್ತೇ, ಅದಕ್ಕೇನಮ್ಮ, ಅರಿಗಾನೇ ನಮ್ಮ ಹೆಸರು ತಗೊಳ್ಳಲಿ, ನಾನಿಲ್ವಾ, ನನಗೇನಾಗಿದೆ, ಮೇಲಾಗಿ ಮುಂದೆ ಕ್ಷೇತ್ರ ನೋಡ್ಕೊಳ್ಳೋಕೂ ಒಬ್ಬರು ಬೇಕು. ಚಿಗುಸ ಚಾಪ್‌ಸ್ಟಿಕ್ಕು ಕೆಳಗಿಟ್ಟಳು. ನಿಮಗೇನಾಗಿದೆ ಅಂತ ನನ್ನನ್ನ ಕೇಳ್ತೀರಾ ಅಪ್ಪ, ಅಜ್ಜಿ ಸತ್ತಾಗ ನಾನು ನಿಮ್ಮ ಹಿಂದೆನೇ ಕೂತಿದ್ದೆ. ಅಷ್ಟೇ ಹೇಳಿದ್ದು. ಸಾಯೋಕೊ ಎದ್ದು ಒಳಗೆ ಹೋದಳು, ಅರಿಗಾ ತಟ್ಟೆ ನೋಡುತ್ತಾ ಕೂತ, ಇವನೋ, ಮೂರು ವರ್ಷದಿಂದ ಅದನ್ನು ಯಾರೂ ಗಮನಿಸಿಲ್ಲವೆಂದುಕೊಂಡಿದ್ದ.

ಬೇಡ, ಅದು ಈಗ ಬೇಡ — ಆದರೆ ಬರುತ್ತದೆ, ಬಂದೇ ಬಂತು, ಫೆಬ್ರವರಿ, ರಸ್ತೆಯ ಎರಡೂ ಬದಿ ಎದೆಮಟ್ಟ ಹಿಮ, ಅಮ್ಮ ಸತ್ತ ಸುದ್ದಿ ಟೋಕಿಯೊದಲ್ಲಿ ಸಮಿತಿ ಸಭೆ ನಡುವೆ ಚೀಟಿಯಲ್ಲಿ ಬಂತು, ಮರುದಿನ ಬುಲೆಟ್ ರೈಲು, ನಿಲ್ದಾಣದಲ್ಲಿ ಕಾರು, ಕ್ಷೇತ್ರದ ಕಾರ್ಯದರ್ಶಿ ಹೇಳಿದ, ಸೆನ್ಸೇ, ದಾರೀಲಿ ಇನ್ನೆರಡು ಸಾವಿದೆ, ಹಳೇ ಬೆಂಬಲಿಗರು, ಹತ್ತು ಹತ್ತು ನಿಮಿಷ ಸಾಕು, ಬಿಟ್ರೆ ತಪ್ಪು ತಿಳ್ಕೋತಾರೆ. ಆಗಲಿ ಎಂದ, ಆಗಲಿ ಎನ್ನದೆ ಇರುವುದು ಹೇಗೆಂದೇ ಗೊತ್ತಿರಲಿಲ್ಲ. ಮೊದಲ ಮನೆ, ಮಂಡಿ, ಕೈ, ಹಣೆ, ಏನು ಹೇಳಬೇಕೋ ತೋಚುತ್ತಿಲ್ಲ. ಎರಡನೇ ಮನೆ, ಮಂಡಿ, ಕೈ, ಹಣೆ. ಮೂರನೇ ಮನೆ ಸೊಮೆಯಾ ತತಾಮಿ ಅಂಗಡಿ, ಬೋರ್ಡಿನ ಮೇಲೆ ಹಿಮ, ಹೊಸ್ತಿಲಲ್ಲಿ ಕಪ್ಪು ಬೂಟುಗಳು, ಒಳಗೆ ಅಣ್ಣನೇ ಕಟ್ಟಿದ ಹೊಸ ಚಾಪೆ, ಅಮ್ಮನಿಗೆಂದು ಹಿಂದಿನ ದಿನವೆಲ್ಲ ಕೂತು ಕಟ್ಟಿದ್ದಂತೆ, ಹಸಿ ವಾಸನೆ, ಅಣ್ಣ ಕಪ್ಪು ಬಟ್ಟೆಯಲ್ಲಿ ಶವದ ಪಕ್ಕ ಕೂತಿದ್ದ, ಇವನು ಹೋದ, ಮಂಡಿ ಊರಿದ, ಎರಡು ಕೈ ಮುಂದಿಟ್ಟ, ದನಿ ಇಳಿಸಿದ — ನಿಮ್ಮ ಮನೆಯವರಿಗೆ ಬಂದ ಈ ದುಃಖಕ್ಕೆ ಏನು ಹೇಳಬೇಕೋ ತೋಚುತ್ತಿಲ್ಲ. ಪೂರ್ತಿ ಹೇಳಿ ಮುಗಿಸಿದ. ಸ್ವಂತ ಅಣ್ಣನಿಗೆ, ಸ್ವಂತ ತಾಯಿಯ ಸಾವಿನಲ್ಲಿ, ನಿಮ್ಮ ಮನೆಯವರಿಗೆ. ಅಣ್ಣ ಬೈಯಬಹುದಿತ್ತು, ಲೋ ತೆರು, ತಲೆ ಕೆಟ್ಟಿದೆಯಾ ನಿಂಗೆ ಅಂತ ಬೆನ್ನಿಗೊಂದು ಗುದ್ದಬಹುದಿತ್ತು, ಗುದ್ದಿದ್ದರೆ ಆ ಗಟ್ಟಿ ಮೊಣಕೈಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತುಬಿಡುತ್ತಿದ್ದ. ಅಣ್ಣನೂ ಎರಡು ಕೈ ಮುಂದಿಟ್ಟ, ನಿಧಾನವಾಗಿ ಬಾಗಿದ, ಹೊರಗಿನವರಿಗೆ ಬಾಗುವಷ್ಟೇ ಬಾಗಿದ, ಇಷ್ಟೊಂದು ಕೆಲಸದ ನಡುವೆ ಇಷ್ಟು ದೂರ ಬಂದಿದ್ದೀರಿ, ದೊಡ್ಡ ಉಪಕಾರವಾಯಿತು, ಎಂದ, ಅವನ ನರೆತ ನಡುನೆತ್ತಿ ಇವನ ಕಣ್ಣ ಮುಂದೆಯೇ ಇತ್ತು, ಅಲ್ಲಿ ಕೂದಲಿನ ನಡುವೆ ಒಂದು ತುಂಡು ಹುಲ್ಲು, ಒಂದಂಗುಲ ಇರಬಹುದು, ಇನ್ನೂ ಹಸಿರು. ತೆಗೆಯೋಣವೆಂದು ಕೈ ಎತ್ತಿದ. ತೆಗೆಯಲಿಲ್ಲ, ಆ ಹೊತ್ತಿಗೆ ಧೂಪ ಹಾಕುವವರ ಹೆಸರು ಕೂಗತೊಡಗಿದ್ದರು, ಮಗ ಕತ್ಸುಜಿ, ಸೊಸೆ, ಮೊಮ್ಮಕ್ಕಳು, ಆಮೇಲೆ ಗಣ್ಯರು, ಮೇಯರು, ಸಂಸತ್ ಸದಸ್ಯ ಉಮೆಗಾಕಿಯವರು.

ಹುಲ್ಲು. ಆಮೇಲೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳುತ್ತದೆ, ಭಾಷಣದ ನಡುವೆ ಎದುರಿನ ಸಾಲಿನವರ ತಲೆಯಲ್ಲಿ, ಹಲ್ಲುಜ್ಜುವಾಗ ಕನ್ನಡಿಯಲ್ಲಿ, ಈಗ ಈ ಹಳದಿ ಚೀಟಿಯವನ ನೆತ್ತಿಯಲ್ಲೂ, ಕಣ್ಣುಜ್ಜಿಕೊಂಡರೆ ಹೋಗುತ್ತದೆ. ಐದು ಜನ. ನೀಲಿ ಕೊಟ್ಟರೆ ಏನಾಗುತ್ತದೆ, ಏನೂ ಆಗುವುದಿಲ್ಲ, ಏಳನೇ ಸಲದ ಟಿಕೆಟ್, ಮೂರನೇ ಸಲದ ಬಾಲದ ಕೋಟು, ಈ ಸಲ ಕರೆ ಬಂದರೂ ಬಂದೀತು, ಮಗಳು ಮೇಲಿನಿಂದ ಎದ್ದು ಹೋಗುತ್ತಾಳೆ, ಸದ್ದಿಲ್ಲದೆ, ಮತ್ತೆ ಊಟಕ್ಕೆ ಬಂದರೂ ಅತಿಥಿಯ ಹಾಗೆ ಬರುತ್ತಾಳೆ, ಹೊರಡುವಾಗ ದೊಡ್ಡ ಉಪಕಾರವಾಯಿತು ಅನ್ನುತ್ತಾಳೆ, ಅಯ್ಯೋ. ಬಿಳಿ ಕೊಟ್ಟರೆ ಕೆಲಸ ಹೋಗುತ್ತದೆ, ಈ ವಯಸ್ಸಿನಲ್ಲಿ ಈ ಮೈಗೆ ಬೇರೇನೂ ಬಾರದು, ಬಾಗುವುದು ಬಿಟ್ಟರೆ. ಮಸೂದೆಯಂತೂ ಬೀಳುತ್ತದೆ, ಲೆಕ್ಕ ಎಲ್ಲರಿಗೂ ಗೊತ್ತು, ಇವನ ಒಂದು ಬಿಲ್ಲೆಯಿಂದ ಏನೂ ಕಡಿದು ಗುಡ್ಡೆ ಹಾಕಿದಂತಾಗುವುದಿಲ್ಲ, ಹಾಗಿದ್ದ ಮೇಲೆ ಏಕೆ — ಹಾಗಿದ್ದ ಮೇಲೆ ಏಕೆ ಕೊಡಬಾರದು. ಉಮೆಗಾಕಿ ತೆರುಹಿಕೊ, ಎಂದು ಕೂಗಿದರು.

ಮೆಟ್ಟಿಲು ಮೂರೋ ನಾಲ್ಕೋ, ಬೂಟು ಕಚ್ಚುತ್ತಿದೆ, ಕಚ್ಚಲಿ, ಜೇಬಿನಿಂದ ಎರಡನ್ನೂ ತೆಗೆದ, ಎಲ್ಲರೂ ನೋಡುತ್ತಿರುವಾಗಲೇ ತೆಗೆದ, ಬೆಳಕಿನಲ್ಲಿ ನೋಡಿದ, ಇದು ಬಿಳಿ, ಇದು ನೀಲಿ, ತಪ್ಪಿಲ್ಲ, ನೀಲಿಯನ್ನು ಎಡಗೈಗೆ ದಾಟಿಸಿದ, ಬಿಳಿಯನ್ನು ಗುಮಾಸ್ತನ ಮುಂದೆ ಹಿಡಿದ. ಗುಮಾಸ್ತ ಬಣ್ಣ ನೋಡಿ ಒಂದು ಗಳಿಗೆ ಇವನ ಮುಖ ನೋಡಿದ, ತೆಗೆದುಕೊಂಡ. ಅಷ್ಟೇ! ಎದುರು ಪಕ್ಷದ ಬೆಂಚುಗಳಿಂದ ಓ ಎಂಬ ಸದ್ದು ಎದ್ದಿತು, ಯಾರೋ ಚಪ್ಪಾಳೆ ತಟ್ಟಿದರು, ಇಳಿಯುವಾಗ ಮೈ ಹಗುರವಾಗಿ ಮೆಟ್ಟಿಲು ಕಾಲಿಗೆ ಸಿಗುತ್ತಲೇ ಇರಲಿಲ್ಲ, ಸಂತೋಷ, ಹೌದು ಸಂತೋಷವೇ, ಮೊದಲ ಸಲ ಗೆದ್ದ ದಿನವೂ ಹೀಗಾಗಿರಲಿಲ್ಲ, ಅಣ್ಣನಿಗೆ ಫೋನು ಮಾಡಬೇಕು, ಇವತ್ತೇ, ಈಗಲೇ, ಅಣ್ಣ ನಾನು ಕಣೋ ತೆರು ಅನ್ನಬೇಕು, ಮುಂದೇನು ಹೇಳುವುದು, ಏನಾದರೂ ಬರುತ್ತದೆ, ಊಟಕ್ಕೆ ಬರ್ತೀನಿ ಅನ್ನಬೇಕು, ಸಾಯೋಕೊ ಬೈಯುತ್ತಾಳೋ ನಗುತ್ತಾಳೋ, ನಗುತ್ತಾಳೆ.

ಕೆಳಗೆ ತೊಗಾಶಿ ಕಾಯುತ್ತಿದ್ದ. ಮುಖ ಕೆಂಪಗಿತ್ತು, ಬಾಯಿ ತೆರೆದ, ಆಗ ಅವನ ಕಣ್ಣು ಇವನ ಎಡಗೈಯಲ್ಲಿ ಉಳಿದಿದ್ದ ನೀಲಿ ಬಿಲ್ಲೆಯ ಮೇಲೆ ಬಿತ್ತು, ಬಾಯಿ ಹಾಗೇ ನಿಂತಿತು, ಏನೋ ಹೊಳೆಯಿತು, ಮುಖದ ಕೆಂಪು ಇಳಿಯಿತು, ಹತ್ತಿರ ಬಂದು ಭುಜದ ಮೇಲೆ ಕೈ ಹಾಕಿದ, ಮೆಲ್ಲಗೆ, ಓಹೋ, ಎರಡನ್ನೂ ಹಿಡ್ಕೊಂಡು ಹೋಗಿದ್ರಾ ಸೆನ್ಸೇ, ಅದೇ ನೋಡಿ, ಅದಲುಬದಲಾಗಿಬಿಟ್ಟಿದೆ, ನನ್ನ ಎದೆನೇ ನಿಂತುಹೋಗಿತ್ತು, ಹೋಗ್ಲಿ ಬಿಡಿ, ಹೋದ ವರ್ಷ ಒಬ್ರು ಕನ್ನಡಕ ಮರೆತು ಬಂದು ಹಿಂಗೇ ಮಾಡಿದ್ರು, ಸಂಜೆ ಒಳಗೆ ನಾಲ್ಕು ಸಾಲು ಬರೆದು ಕೊಡಿ, ಪತ್ರಿಕೆಯವರಿಗೆ ಈಗ್ಲೇ ನಾನು ಹೇಳಿಬಿಡ್ತೀನಿ, ಏನಂತೀರಿ, ಕೈತಪ್ಪು ತಾನೆ? ಹಿಂದೆ ಗುಮಾಸ್ತ ಮುಂದಿನ ಹೆಸರು ಕೂಗಿದ. ಹೌದು, ಕೈತಪ್ಪಾಯಿತು, ತಮಗೆ ತುಂಬಾ ತೊಂದರೆ ಕೊಟ್ಟೆ, ಎಂದಿತು ಬಾಯಿ, ಬೆನ್ನು ಬಾಗಿತು, ಎಷ್ಟು ಬಾಗಬೇಕೋ ಅಷ್ಟೇ ಬಾಗಿತು, ದನಿ ಇಳಿದಿತ್ತು, ಚೆನ್ನಾಗಿ ಬಂತು ಮಾತು, ಇನ್ನೊಬ್ಬರು ಹೇಳಿದ್ದನ್ನು ಕೇಳುವ ಹಾಗೆ ಕೇಳಿಸಿಕೊಂಡ.

ತೊಗಾಶಿ ಬೆನ್ನು ತಟ್ಟಿ ಹೊರಟ. ನಾಲ್ಕು ಹೆಜ್ಜೆ, ಆರು ಹೆಜ್ಜೆ, ಕರೆದರೆ ಕೇಳುತ್ತದೆ, ತೊಗಾಶಿಯವರೇ ನಿಲ್ಲಿ, ಕೈತಪ್ಪಲ್ಲ, ಕಣ್ಣು ಬಿಟ್ಟು ನೋಡಿಯೇ ಕೊಟ್ಟೆ, ಇಷ್ಟೇ, ನಾಲ್ಕು ಮಾತು, ಸಾವಿರ ಭಾಷಣ ಮಾಡಿದ ನಾಲಿಗೆ, ಬಾಗಿಲ ಹತ್ತಿರ ಪತ್ರಿಕೆಯವರು ಅವನನ್ನು ಮುತ್ತಿಕೊಂಡರು, ಅವನು ನಗುತ್ತಾ ಕೈಯಲ್ಲಿ ಅದಲುಬದಲು ಮಾಡಿ ತೋರಿಸುತ್ತಿದ್ದಾನೆ, ಈಗಲೂ ಹೋಗಬಹುದು, ಬೂಟು ನೆಲಕ್ಕೆ ಅಂಟಿದೆ, ಈಗಲೂ — ಆಗ ತಲೆಯೆತ್ತಿ, ಎತ್ತ ನೋಡಬಾರದೆಂದುಕೊಂಡನೋ ಅತ್ತ ನೋಡಿಬಿಟ್ಟ. ಗ್ಯಾಲರಿಯ ಮೂರನೇ ಸಾಲು, ಚಿಗುಸ ಎದ್ದು ನಿಂತಿದ್ದಾಳೆ, ಪಕ್ಕದಲ್ಲಿ ಅರಿಗಾ, ಕಾವಲಿನವನು ಕೂತುಕೊಳ್ಳಿ ಎಂದು ಕೈಸನ್ನೆ ಮಾಡುತ್ತಿದ್ದಾನೆ, ಅಲ್ಲಿ ಕೂಗುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಅವಳ ಮುಖವೆಲ್ಲ ಒದ್ದೆ, ನಗುತ್ತಿದ್ದಾಳೆ, ಹುಟ್ಟಿದಾಗಿನಿಂದ ಒಮ್ಮೆಯೂ ಅಪ್ಪನಿಗೆ ಬಾಗಿದವಳಲ್ಲ, ಎರಡು ಕೈಗಳನ್ನು ತೊಡೆಯ ಮೇಲಿಟ್ಟು ನಿಧಾನವಾಗಿ, ಆಳವಾಗಿ ಬಾಗಿದಳು, ಬೇಡಮ್ಮ, ಕೆಳಗೆ ಈ ಬಾಯಿ ಆಡಿದ್ದು ನಿನಗೆ ಕೇಳಿಸಿಲ್ಲ, ಏಳು, ಏಳು, ಅವಳು ಏಳಲಿಲ್ಲ, ಕರಿಯ ನೆತ್ತಿ ಇತ್ತ ತಿರುಗಿ ಹಾಗೇ ಇತ್ತು, ಅಷ್ಟು ದೂರದಿಂದ ಏನೂ ಕಾಣುವುದಿಲ್ಲ, ಕಾಣುವುದಕ್ಕೆ ಸಾಧ್ಯವೇ ಇಲ್ಲ, ಕೂದಲಿನ ನಡುವೆ ಒಂದು ತುಂಡು ಹುಲ್ಲು, ಒಂದಂಗುಲ, ಹಸಿರು, ಕೈ ಎತ್ತಿದರೂ ಎಟುಕದಷ್ಟು ಮೇಲೆ, ಹುಲ್ಲು